ಬಾತೂರ್ ಬೆಟ್ಟ ನಾನು ಪೂರ್ತಿ ಹತ್ತಲಿಲ್ಲ

ಹತ್ತು ದಿನದಿಂದ ಪೇಜಲ್ಲಿ ಏನೂ ಬರೆದಿಲ್ಲ ಯಾಕೆ ಅಂತ ಸುಮಾರು ಜನ ಕೇಳಿದ್ರಿ. ನಾನೂ ನಮ್ಮನೆಯವಳೂ ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೋಗಿದ್ವಿ. ಖರ್ಚೆಲ್ಲ ಮಗಳು ಅಳಿಯಂದು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಎರಡು ರಾತ್ರಿ ಮನೆ ಬಿಟ್ಟಿದ್ದು ಧರ್ಮಸ್ಥಳಕ್ಕೆ ಹೋದಾಗ ಮಾತ್ರ. ಹಸ ಕಟ್ಟಿದೋರಿಗೆ ಕಾರಣ ಹೇಳಬೇಕಾಗಿಲ್ಲ. ಈ ಸಲ ತಮ್ಮನ ಮಗ ಹಾಲು ಕರೆಯೋಕೆ ಒಪ್ಪಿಕೊಂಡ.

ಸಮುದ್ರ, ಅಂಗಡಿ ಬಗ್ಗೆ ಬರೆಯಲ್ಲ. ಬಾತೂರ್ ಅನ್ನೋ ಜ್ವಾಲಾಮುಖಿ ಬಗ್ಗೆ ಬರೀತೀನಿ. 1717 ಮೀಟರ್ ಎತ್ತರ, ಇನ್ನೂ ಆರಿಲ್ಲ. 1926ರಲ್ಲಿ ಉಕ್ಕಿ, ಬುಡದಲ್ಲಿದ್ದ ಊರನ್ನೂ ದೇವಸ್ಥಾನವನ್ನೂ ಮುಚ್ಚಿಹಾಕ್ತಂತೆ. ಊರೋರು ಮೇಲಿನ ದಿಣ್ಣೆಗೆ ಬಂದು ಮತ್ತೆ ದೇವಸ್ಥಾನ ಕಟ್ಟಿಕೊಂಡ್ರು. ಬೆಟ್ಟದ ಪಕ್ಕದಲ್ಲೇ ದೊಡ್ಡ ಕೆರೆ. ಆ ಕೆರೆಯ ದೇವಿ ನೀರು ಕೊಟ್ಟರೆ ಕೆಳಗಿನ ಗದ್ದೆಗೆ ನೀರು ಅಂತ ಅಲ್ಲಿಯ ರೈತರು ನಂಬ್ತಾರೆ.

ಸೂರ್ಯ ಹುಟ್ಟೋದನ್ನ ತುದಿಯಲ್ಲಿ ನೋಡಬೇಕು ಅಂದ್ರೆ ನಾಲ್ಕು ಗಂಟೆಗೇ ಹತ್ತೋಕೆ ಶುರು ಮಾಡಬೇಕು. ಹಿಂದಿನ ದಿನ ನಾನು, "ನಿಂಗೆ ಮಂಡಿ ನೋವು, ರೂಮಲ್ಲೇ ಇರು" ಅಂದೆ. "ನಾಟಿ ಮಾಡುವಾಗ ಮಂಡಿ ನೋವು ಕೇಳಿದ್ರಾ?" ಅಂದ್ಲು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಊರಿನ ಗೈಡ್ ಒಬ್ಬ ಜೊತೆಗಿದ್ದ. ಮೊದಲು ಟೊಮೆಟೊ, ಈರುಳ್ಳಿ ಹೊಲ. ಟಾರ್ಚ್ ಬೆಳಕಲ್ಲಿ ಮಡಿಗಳು ಎಷ್ಟು ನೇರ ಇದ್ವು ಅಂದ್ರೆ ನಾನು ನಿಂತು ನೋಡ್ತಿದ್ದೆ, ಗೈಡ್ ಕೈ ಹಿಡಿದು ಎಳೆದ. ಆಮೇಲೆ ಬರೀ ಕಪ್ಪು ಕಲ್ಲು. ಸುಟ್ಟ ಇಟ್ಟಿಗೆ ಪುಡಿ ಇದ್ದಂಗೆ ಜಲ್ಲಿ. ಒಂದು ಹೆಜ್ಜೆ ಇಟ್ರೆ ಅರ್ಧ ಹೆಜ್ಜೆ ವಾಪಸ್ ಜಾರುತ್ತೆ. ಬೀಡಿ ಬಿಟ್ಟು ಎಂಟು ವರ್ಷ ಆಯ್ತು, ಆದ್ರೆ ಎದೆ ಮರೆತಿಲ್ಲ. ಮುಕ್ಕಾಲು ದಾರಿಗೆ ಉಸಿರು ಕಟ್ಟಿ ಕಣ್ಣು ಮಂಜಾಯ್ತು. ಬಂಡೆ ಮೇಲೆ ಕೂತುಬಿಟ್ಟೆ. ಅವಳು ನೀರು ಕುಡಿಸಿದ್ಲು, ಸ್ವಲ್ಪ ಹೊತ್ತು ನನ್ನ ಮುಖ ನೋಡಿದ್ಲು. "ನೀವಿಲ್ಲೇ ಕುಂತ್ಕಳಿ. ನಾನ್ ನೋಡ್ಕಂಡ್ ಬತ್ತೀನಿ" ಅಂತ ಮಗಳ ಶೂ ಹಾಕ್ಕೊಂಡು ಹೊರಟೇ ಹೋದ್ಲು.

ಮೂವತ್ತು ವರ್ಷ ಅವಳು ನನ್ನ ಹಿಂದೆ ನಡೆದೋಳು. ಕತ್ತಲಲ್ಲಿ ಟಾರ್ಚುಗಳ ಸಾಲು ಮೇಲೆ ಹೋಗ್ತಾ ಇತ್ತು, ಅದರಲ್ಲಿ ಅವಳದ್ಯಾವುದು ಗೊತ್ತಾಗ್ತಿರಲಿಲ್ಲ. ಕೋಪ ಬಂತು, ಭಯನೂ ಆಯ್ತು. ಬೆಳಕಾದಾಗ ನಾನು ಕೂತಲ್ಲಿಂದಲೇ ಕೆರೆ ಕಾಣಿಸ್ತು, ಆಚೆ ಅಗುಂಗ್ ಅನ್ನೋ ಇನ್ನೂ ದೊಡ್ಡ ಬೆಟ್ಟ. ಚೆನ್ನಾಗಿತ್ತು, ಆದ್ರೆ ನನ್ನ ಕಣ್ಣೆಲ್ಲ ದಾರಿ ಮೇಲೆ.

ಎರಡು ಗಂಟೆ ಕಳೆದು ಇಳಿದು ಬಂದ್ಲು. ಸ್ವೆಟರ್ ಜೇಬಲ್ಲಿ ಬೆಚ್ಚಗಿನ ಮೊಟ್ಟೆ. ಮೇಲೆ ಬಂಡೆ ಸಂದಿಯಿಂದ ಹಬೆ ಬರುತ್ತೆ, ಅದರಲ್ಲೇ ಬೇಯಿಸ್ತಾರೆ. ಕೋತಿ ಕಿತ್ಕೊಳ್ಳೋಕೆ ಬಂದಿದ್ದು, ಸಮುದ್ರದಾಚೆ ಬೇರೆ ದ್ವೀಪದ ಬೆಟ್ಟ ಕಂಡಿದ್ದು ಎಲ್ಲಾ ಹೇಳಿದ್ಲು. ಆಮೇಲೆ, "ಅಷ್ಟು ದೊಡ್ಡ ಕೆರೆಗೆ ಕೋಡಿನೇ ಇಲ್ಲ ಕಣ್ರೀ" ಅಂದ್ಲು. ಹೌದು, ಕೆರೆಯಿಂದ ಹೊಳೆ ಹೊರಡೋದಿಲ್ಲ. ನೀರು ಒಳಗೇ ಇಂಗಿ ಕೆಳಗೆ ಬುಗ್ಗೆಯಾಗಿ ಬರುತ್ತೆ ಅಂತ ಗೈಡ್ ಹೇಳಿದ.

ಮಧ್ಯಾಹ್ನ ಉಬುದ್ ಕಡೆ ಇಳಿಯುವಾಗ ತೆಗಲ್ಲಾಲಂಗ್‌ನಲ್ಲಿ ಮೆಟ್ಟಿಲು ಗದ್ದೆ ನೋಡಿದ್ವಿ. ಎಲ್ಲರೂ ಫೋಟೋ ತೆಗೀತಿದ್ರು, ಇವಳು ಕಾಲುವೆ ಹತ್ರ ಹೋಗಿ ಕೂತ್ಲು. ಕಾಲುವೆಗೆ ಅಡ್ಡ ಒಂದು ದಿಮ್ಮಿ, ಅದರಲ್ಲಿ ಒಂದೇ ಆಳದ ಕಚ್ಚುಗಳು. ಯಾರಿಗೆ ಎಷ್ಟು ಗದ್ದೆಯೋ ಕಚ್ಚು ಅಷ್ಟು ಅಗಲ. ನೀರು ಕಮ್ಮಿಯಾದ್ರೆ ಎಲ್ಲರಿಗೂ ಕಮ್ಮಿ. ಈ ರೈತರ ಕೂಟಕ್ಕೆ ಸುಬಾಕ್ ಅಂತಾರೆ. ಹತ್ತಿರ ಹತ್ತಿರ ಸಾವಿರ ವರ್ಷದ್ದು, 2012ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಮೇಲಿನವನು ಕೆಳಗಿನವನಿಗೆ ನೀರು ಯಾಕೆ ಬಿಡ್ತಾನೆ? ಧರ್ಮ ಒಂದೇ ಅಲ್ಲ. ಎಲ್ಲರೂ ಒಟ್ಟಿಗೆ ನಾಟಿ ಮಾಡಿ, ಒಟ್ಟಿಗೆ ಗದ್ದೆ ಖಾಲಿ ಬಿಟ್ಟರೆ ಹುಳಕ್ಕೆ ತಿನ್ನೋಕೆ ಸಿಗಲ್ಲ. ಕೆಳಗಿನವನಿಗೆ ನೀರು ತಡವಾದ್ರೆ ಅವನ ನಾಟಿ ತಡ, ಅವನ ಗದ್ದೆ ಹುಳ ಮೇಲಿನವನಿಗೇ ಬರುತ್ತೆ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಕೊಟ್ಟು, ಬಿಡುವಿಲ್ಲದೆ ಬೆಳೀರಿ ಅಂದಾಗ ಕಂದು ಜಿಗಿಹುಳು ಗದ್ದೆಗಟ್ಟಲೆ ತಿಂದುಹಾಕ್ತು.

ಇವಳು ಕಚ್ಚು ನೋಡ್ತಾ, "ಇಲ್ಲಿ ಏಡಿ ಇಲ್ವೇನೋ" ಅಂದ್ಲು. ನಂಗೆ ಮಾತ್ರ ಅರ್ಥವಾಯ್ತು.

ನಮ್ಮ ಕಾಲುವೇಲಿ ನನ್ನ ಗದ್ದೆ ಮೇಲೆ. ನಾಲೆ ನೀರು ಕಮ್ಮಿಯಿದ್ದ ಆ ವರ್ಷ, ಒಂದು ರಾತ್ರಿ ಕೆಳಗಿನ ಗದ್ದೆಗೆ ಹೋಗೋ ಬಾಯಿಗೆ ಮಣ್ಣು ಹಾಕಿ ನನ್ನ ಕಡೆ ತಿರುಗಿಸಿದ್ದೆ. ಬೆಳಿಗ್ಗೆ ನೀರುಗಂಟಿ ಮುಂದೆ, ಏಡಿ ಬದು ತೂತು ಮಾಡಿ ನೀರು ಈ ಕಡೆ ನುಗ್ತು ಅಂದೆ. ಅವರ ಪೈರು ಒಣಗ್ತು. ಅವತ್ತಿಂದ ನಮ್ಮಿಬ್ಬರಿಗೂ ಮಾತಿಲ್ಲ. ಏಡಿ ಅಲ್ಲ, ನಾನೇ. ಅವರು ಈ ಪೇಜ್ ಓದ್ತಾರೆ ಅಂತ ಗೊತ್ತು. ಬರೋ ಸರದಿ ನೀರು ಬಿಟ್ಟ ದಿನ ನಾನು ಆ ಬಾಯಿ ಹತ್ರ ಇರ್ತೀನಿ.

ಹೋಗೋ ಆಸೆ ಇರೋರಿಗೆ: ಅಲ್ಲಿ ಇಳಿದ ಮೇಲೆ ವೀಸಾ ಕೊಡ್ತಾರೆ, 5 ಲಕ್ಷ. ಗಾಬರಿಯಾಗಬೇಡಿ, ಅವರ ರುಪಿಯಾ ಲೆಕ್ಕ, ನಮ್ಮ ದುಡ್ಡಲ್ಲಿ ಮೂರು ಸಾವಿರದ ಒಳಗೆ. ಸ್ವೆಟರ್ ಬೇಕೇಬೇಕು. ಚಪ್ಪಲೀಲಿ ಹತ್ತೋಕೆ ಹೋಗಬೇಡಿ.