ಅಡಿಕೆ ತೋಟದಿಂದ ಜರ್ಮನಿಯ ತರಗತಿಗೆ

ಸಂಜೆಯಾಗುತ್ತಲೇ ಪುತ್ತೂರಿನ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ರಾತ್ರಿ ಬಸ್ಸಿಗೆ ಕಾಯುವವರು ಸೇರುತ್ತಾರೆ. ಆ ಗುಂಪಿನಲ್ಲಿ ಒಮ್ಮೊಮ್ಮೆ ಎರಡು ದೊಡ್ಡ ಸೂಟ್‌ಕೇಸುಗಳೂ, ಅವುಗಳ ಸುತ್ತ ಅಜ್ಜಿಯಿಂದ ಸೋದರಮಾವನವರೆಗೆ ಇಡೀ ಕುಟುಂಬವೂ ಕಾಣುವುದುಂಟು. ಸೂಟ್‌ಕೇಸಿನೊಳಗೆ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾರಿನ ಪುಡಿ, ಒಂದಿಷ್ಟು ಕುಚ್ಚಲಕ್ಕಿ. ಮಗನೋ ಮಗಳೋ ಹೊರಟಿರುವುದು ಉನ್ನತ ವ್ಯಾಸಂಗಕ್ಕೆ, ಜರ್ಮನಿಗೆ.

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಹಿಂದೆಲ್ಲ ಹೊರದೇಶವೆಂದರೆ ಕೊಲ್ಲಿ ರಾಷ್ಟ್ರಗಳು, ಇಲ್ಲವೇ ಅಮೆರಿಕ. ಈಗ ಎಂಜಿನಿಯರಿಂಗ್ ಮುಗಿಸಿದವರ ಮಾತಿನಲ್ಲಿ ಜರ್ಮನಿಯ ಹೆಸರೂ ಸೇರಿದೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅಲ್ಲಿ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ವಿದೇಶಿ ವಿದ್ಯಾರ್ಥಿಗಳಲ್ಲಿ ಅವರದೇ ದೊಡ್ಡ ಸಂಖ್ಯೆ.

ಆಕರ್ಷಣೆಗೆ ಮುಖ್ಯ ಕಾರಣ ಶುಲ್ಕ. ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತಿದೆ. ವೀಸಾಕ್ಕಾಗಿ ವರ್ಷದ ಖರ್ಚನ್ನು ಮೊದಲೇ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತ 11,904 ಯೂರೋಗೆ ಏರಿತು. ಅಂದರೆ ಹತ್ತು ಲಕ್ಷ ರೂಪಾಯಿಗೂ ಮಿಕ್ಕಿ. ಹಳದಿ ಎಲೆ ರೋಗ ಬಂದು ಸಂಪಾಜೆ, ಅರಂತೋಡು, ತೊಡಿಕಾನದ ಅಡಿಕೆ ತೋಟಗಳು ಸೊರಗಿರುವಾಗ, ಇಂಥ ಮೊತ್ತಕ್ಕೆ ಸಾಲ ಮಾಡುವುದೆಂದರೆ ಇಡೀ ಮನೆಯ ಭರವಸೆಯನ್ನು ಒಬ್ಬರ ಹೆಗಲ ಮೇಲಿಟ್ಟಂತೆ.

ಮೊದಲು ತಟ್ಟುವುದು ಮೌನ

ಚಳಿಗೆ ಎಲ್ಲರೂ ಸಿದ್ಧರಾಗಿಯೇ ಹೋಗುತ್ತಾರೆ; ಸ್ವೆಟರು, ಕೋಟು ಕೊಂಡಿರುತ್ತಾರೆ. ಸಿದ್ಧತೆ ಇಲ್ಲದಿರುವುದು ಅಲ್ಲಿನ ನಿಶ್ಶಬ್ದಕ್ಕೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಹಾಲು, ಅಕ್ಕಿ ತಂದಿಡದವರಿಗೆ ರೈಲು ನಿಲ್ದಾಣದ ಅಂಗಡಿಯೇ ಗತಿ. ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ಪೂರ್ತಿ ಸದ್ದು ಮಾಡಬಾರದೆಂಬ ನಿಯಮವುಂಟು. ತಡರಾತ್ರಿ ಕುಕ್ಕರಿನ ಸೀಟಿ ಕೂಗಿದರೂ ಪಕ್ಕದ ಮನೆಯವರು ಬಾಗಿಲು ತಟ್ಟಿಯಾರು! ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಟಿಕೇಟು ಕೇಳುವವರಿಲ್ಲ. ಆದರೆ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ 60 ಯೂರೋ ದಂಡ.

ಇನ್ನು ಬೆಳಕಿನ ವಿಚಾರ. ಪುತ್ತೂರು ಸುಮಾರು 12.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಬರ್ಲಿನ್ ಇರುವುದು 52.5 ಡಿಗ್ರಿಯಲ್ಲಿ. ಅಲ್ಲಿ ಜೂನ್ ತಿಂಗಳ ಹಗಲು ಹೆಚ್ಚುಕಡಿಮೆ 17 ಗಂಟೆ, ಡಿಸೆಂಬರಿನದು ಎಂಟು ಗಂಟೆಗೂ ಕಡಿಮೆ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದೇ ಇದಕ್ಕೆ ಕಾರಣ. ಡಿಸೆಂಬರ್ 21ರ ನಡುಹಗಲಿನಲ್ಲಿ ಪುತ್ತೂರಿನ ಸೂರ್ಯ 54 ಡಿಗ್ರಿ ಎತ್ತರದಲ್ಲಿದ್ದರೆ ಬರ್ಲಿನ್ನಿನ ಸೂರ್ಯ ಏರುವುದು 14 ಡಿಗ್ರಿ ಮಾತ್ರ. ಶಾಲೆಯಲ್ಲಿ ಚಿತ್ರ ಬರೆದು ಅಂಕ ಪಡೆದ ಪಾಠವಿದು. ಸಂಜೆ ನಾಲ್ಕಕ್ಕೇ ಕತ್ತಲಾದಾಗ ಒಂಟಿ ಕೋಣೆಯಲ್ಲಿ ಕುಳಿತವರಿಗೆ ಅದರ ನಿಜವಾದ ಅರ್ಥ ತಿಳಿಯುತ್ತದೆ. ಬೇಸರ, ನಿದ್ದೆಯ ಏರುಪೇರು ಆ ದಿನಗಳಲ್ಲಿ ಸಾಮಾನ್ಯ. ಹಗಲಿರುವಾಗಲೇ ಒಂದು ಗಂಟೆ ಹೊರಗೆ ನಡೆದಾಡುವುದು ಒಳ್ಳೆಯ ಮದ್ದು.

ಕೇಳಿದರೆ ಮಾತ್ರ ಉತ್ತರ

ಪಂಜ, ಬೆಳ್ಳಾರೆ, ಆಲಂಕಾರಿನ ಕಡೆ ಮನೆಯ ಹೆಸರೊಂದಿದ್ದರೆ ಸಾಕು, ಅಂಚೆಯಣ್ಣ ಕಾಗದ ತಲುಪಿಸುತ್ತಾನೆ. ತಾಲೂಕು ಕಚೇರಿಯ ಕೆಲಸವಿದ್ದರೆ ಪರಿಚಯದವರೊಬ್ಬರು ಜತೆಗೆ ಬರುತ್ತಾರೆ. ಜರ್ಮನಿಯಲ್ಲಿ ಟಪಾಲು ಪೆಟ್ಟಿಗೆಯ ಮೇಲೆ ಹೆಸರು ಅಂಟಿಸದಿದ್ದರೆ ಬ್ಯಾಂಕಿನ ಕಾಗದ ಹಿಂದಕ್ಕೆ ಹೋಗುತ್ತದೆ. ಮನೆ ಹಿಡಿದ ಎರಡು ವಾರದೊಳಗೆ, ಮನೆ ಮಾಲೀಕರ ಪತ್ರದೊಂದಿಗೆ, ವಿಳಾಸವನ್ನು ನಗರ ಕಚೇರಿಯಲ್ಲಿ ನೋಂದಾಯಿಸಬೇಕು. ಇದಕ್ಕೆ 'ಆನ್‌ಮೆಲ್ಡುಂಗ್' ಎನ್ನುತ್ತಾರೆ. ಕಚೇರಿಗೆ ಹೋಗುವುದಕ್ಕೂ ಮೊದಲೇ ಸಮಯ ನಿಗದಿಪಡಿಸಿಕೊಳ್ಳಬೇಕು, ಅದು 'ಟೆರ್ಮಿನ್'. ಇದನ್ನೆಲ್ಲ ಅವರಾಗಿ ಬಂದು ಯಾರೂ ಹೇಳುವುದಿಲ್ಲ. ಕೇಳಿದರೆ ಮಾತ್ರ ತಾಳ್ಮೆಯಿಂದ ವಿವರಿಸುತ್ತಾರೆ.

ತರಗತಿಯಲ್ಲೂ ಹೀಗೆಯೇ. ಉಪನ್ಯಾಸ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆಯ ಬದಲು ಮೇಜನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಅಂಕಗಳ ಲೆಕ್ಕ ತಿರುಗುಮುರುಗು: 1.0 ಅತ್ಯುತ್ತಮ, 4.0 ಬರೀ ಉತ್ತೀರ್ಣ. ಮಗಳಿಗೆ 1.3 ಬಂತೆಂದರೆ ಮನೆಯವರು ಗಾಬರಿಯಾಗಬೇಕಿಲ್ಲ, ಸಿಹಿ ಹಂಚಬಹುದು. ಹೆಚ್ಚಿನ ಉಪನ್ಯಾಸಗಳಿಗೆ ಹಾಜರಿ ಇಲ್ಲ, ಮನೆಗೆ ಪತ್ರ ಬರೆಯುವ ಪ್ರಾಂಶುಪಾಲರೂ ಇಲ್ಲ. ಆದರೆ ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದು ಕಡ್ಡಾಯ ಪರೀಕ್ಷೆಗೆ ಮೂರೇ ಅವಕಾಶ. ಮೂರನೆಯದರಲ್ಲೂ ಸೋತರೆ ಆ ಕೋರ್ಸು ಅಲ್ಲಿಗೇ ಮುಗಿಯಿತು.

ಭಾಷೆಯ ವಿಷಯದಲ್ಲಿ ಮಾತ್ರ ಈ ಸೀಮೆಯ ಮಕ್ಕಳಿಗೆ ಒಂದು ಅನುಕೂಲವುಂಟು. ಜರ್ಮನ್ ಭಾಷೆಯಲ್ಲಿ ಆಪ್ತರಿಗೆ 'ಡು', ಗೌರವಕ್ಕೆ 'ಜೀ'. ಕನ್ನಡದ ನೀನು-ನೀವು, ತುಳುವಿನ ಈ-ಈರ್ ಬಲ್ಲವರಿಗೆ ಇದು ಹೊಸತಲ್ಲ. ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡುತ್ತ ಬೆಳೆದವರು ನಾಲ್ಕನೆಯದಕ್ಕೆ ಹೆದರಬೇಕಿಲ್ಲ.

ಹಳೆಯ ನಂಟು

ಹೀಗೆ ಪರದೇಶದ ಭಾಷೆ, ರೀತಿ ಕಲಿತವರು ಹಿಂದೆಯೂ ಇದ್ದರು. ಆಗ ಅವರು ಬಂದದ್ದು ಜರ್ಮನಿಯಿಂದ ಇತ್ತ. 1836ರಲ್ಲಿ ಮಂಗಳೂರಿಗೆ ಬಂದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಅಂದರೆ 41 ವರ್ಷಗಳ ಬಳಿಕ. ನಮ್ಮ ಕಾಲದಲ್ಲಿ, ಪುತ್ತೂರಿಗೆ ಸಮೀಪದ ಪುಣಚದಲ್ಲಿ ಹುಟ್ಟಿದ ಬಿ.ಎ. ವಿವೇಕ ರೈ ಅವರು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಪ್ರಾಧ್ಯಾಪಕಿಯಾಗಿದ್ದ ಹೈಡ್ರೂನ್ ಬ್ರೂಕ್ನರ್ ತುಳುವಿನ ಪಾಡ್ದನಗಳನ್ನು ಅಧ್ಯಯನ ಮಾಡಿದವರು. ಇವರಾರೂ ಹೊಸ ನಾಡನ್ನು ಒಂದೇ ಸೆಮಿಸ್ಟರಿನಲ್ಲಿ ಅರಿತವರಲ್ಲ.

ಹೆತ್ತವರು ಮಾಡಬಹುದಾದದ್ದು

ಹೊರಡುವ ಮೊದಲಿನ ಒಂದು ವರ್ಷ ಮನೆಯಲ್ಲೇ ತರಬೇತಿ ಆಗಲಿ. ಅನ್ನ, ಸಾರು ಮಾಡಲು, ಬಟ್ಟೆ ಒಗೆಯಲು ಗಂಡುಮಕ್ಕಳೂ ಕಲಿಯಲಿ. ಬ್ಯಾಂಕಿನ ಕೆಲಸಕ್ಕೆ, ಕಚೇರಿಯ ಅರ್ಜಿಗೆ ತಂದೆ ಜತೆಗೆ ಹೋಗದಿರಲಿ. ಗೊತ್ತಿಲ್ಲದ್ದನ್ನು ಅಪರಿಚಿತರಲ್ಲಿ ಕೇಳುವ ಅಭ್ಯಾಸ ಬರುವುದು ಹಾಗೆಯೇ.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯ. ಸಾಲದ ಕಂತು, ತೋಟದ ಸ್ಥಿತಿ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದಲೇ ಪರೀಕ್ಷೆಯಲ್ಲಿ ಮೊದಲ ಬಾರಿ ಸೋತಾಗ ಅವರು ಮನೆಗೆ ಹೇಳುವುದಿಲ್ಲ. ಎರಡನೆಯ ಬಾರಿಯೂ ಬಚ್ಚಿಡುತ್ತಾರೆ. ವಿಶ್ವವಿದ್ಯಾಲಯಗಳಲ್ಲಿ ಸಲಹೆ ನೀಡುವ ಕಚೇರಿಗಳಿದ್ದರೂ ಅಲ್ಲಿಗೆ ಹೋಗಲು ಹಿಂಜರಿಯುತ್ತಾರೆ. ಚಳಿಗಾಲದಲ್ಲಿ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಸುಳ್ಯದಲ್ಲಿ ರಾತ್ರಿಯ ಊಟ ಮುಗಿದು ಫೋನ್ ಮಾಡುವಾಗ ಅಲ್ಲಿ ಆಗಷ್ಟೇ ಕತ್ತಲಾಗಿರುತ್ತದೆ. ಆ ಹೊತ್ತಿನಲ್ಲಿ 'ಅಂಕ ಎಷ್ಟು ಬಂತು' ಎಂದು ಕೇಳುವ ಮೊದಲು 'ಊಟ ಆಯಿತಾ, ಕಷ್ಟವೇನಾದರೂ ಉಂಟಾ' ಎಂದು ಕೇಳಿದರೆ, ಹೇಳಬೇಕಾದದ್ದನ್ನು ಅವರು ಹೇಳಿಯಾರು.