ಹಿನ್ನೀರಿನಲ್ಲಿ ನಮ್ಮ ತಾಲೀಮು

ಏಪ್ರಿಲ್ ಮುಗಿಯುವ ಹೊತ್ತಿಗೆ ಆಲಮಟ್ಟಿಯ ಹಿನ್ನೀರು ಇಳಿಯುತ್ತದೆ. ಆಗ ನಮ್ಮ ಹಳೆಯ ಊರು ಮೇಲೆ ಬರುತ್ತದೆ. ಊರೆಂದರೆ ಈಗ ಗೋಡೆಗಳ ಬುಡ, ಹೂಳು ತುಂಬಿದ ಬಾವಿ, ಕೆಸರೊಳಗೆ ಸಿಕ್ಕ ಒರಳು, ಇಷ್ಟೇ. ಪುನರ್ವಸತಿ ಕೇಂದ್ರದಿಂದ ನಾವು ನಾಲ್ಕೈದು ಮಂದಿ ಗೆಳೆಯರು ಅಲ್ಲಿಗೆ ಹೋಗುತ್ತೇವೆ. ಅವರವರ ಮನೆಯ ಗುರುತು ಹುಡುಕಿಕೊಂಡಾದ ಮೇಲೆ ಎಲ್ಲರ ಕಾಲೂ ತಾಲೀಮಿನ ಕಡೆಗೇ ತಿರುಗುತ್ತವೆ.

ನಮ್ಮೂರು ಆಗ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು. ಈಗ ಆ ಭಾಗ ನಿಡಗುಂದಿ ತಾಲ್ಲೂಕಾಗಿದೆ. ಸುತ್ತಲೂ ಎರೆಭೂಮಿ. ಎರೆಮಣ್ಣಿನಲ್ಲಿ ಕುಸ್ತಿ ನಡೆಯುವುದಿಲ್ಲ. ಹಸಿಯಾದರೆ ಅಂಟು, ಒಣಗಿದರೆ ಕಲ್ಲು. ಕೃಷ್ಣೆ ಬತ್ತಿದಾಗ ಆಚೆ ದಡದಿಂದ ಚಕ್ಕಡಿ ಕಟ್ಟಿಕೊಂಡು ಕೆಂಪು ಮಣ್ಣು ತರುತ್ತಿದ್ದರು. ಅದನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆರಸ ಹಾಕಿ ಕಲಸಿದರೆ ಮಟ್ಟಿ. ಎಣ್ಣೆ ಗಾಣಿಗರ ಮನೆಯದು, ಮಜ್ಜಿಗೆ ಗೌಡರದು, ಲಿಂಬೆಹಣ್ಣು ಮಾತ್ರ ಇಂಡಿಯ ಕಡೆಯಿಂದ ಬರಬೇಕು. ಆ ವಾಸನೆ ಇಂದಿಗೂ ನಮ್ಮ ಮೂಗಿನಲ್ಲಿದೆ.

ಕಲಿಸುತ್ತಿದ್ದವರು ವಸ್ತಾದ ಚಾಚಾ. ಬೆಳಗಿನ ನಾಲ್ಕಕ್ಕೆ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಗೂಡಿನಲ್ಲಿ ಹನುಮಪ್ಪನ ಪಟ. ನಾವು 'ಯಾ ಅಲಿ' ಎಂದು ಮಣ್ಣು ಮುಟ್ಟಿ ಇಳಿದರೆ, ಜೋಡಿಯವ 'ಬಜರಂಗಬಲಿ' ಎಂದು ಇಳಿಯುತ್ತಿದ್ದ. ದಂಡ, ಬೈಠಕ್ ಮುಗಿದ ಮೇಲೆ ಚಾಚಾ ಗಾಮಾನ ಕಥೆ ತೆಗೆಯುತ್ತಿದ್ದರು. 1910ರಲ್ಲಿ ಲಂಡನ್ನಿನಲ್ಲಿ ಎರಡೂವರೆ ತಾಸು ಹಿಡಿದರೂ ಚಿತ್ ಆಗದ ಝಿಬಿಸ್ಕೋನನ್ನು 1928ರಲ್ಲಿ ಪಟಿಯಾಲದಲ್ಲಿ ಗಾಮಾ ಒಂದು ನಿಮಿಷದೊಳಗೆ ಕೆಡವಿದ್ದು! ಚಾಚಾ ಹೇಳುವಾಗ ಪಟಿಯಾಲ ಮುದ್ದೇಬಿಹಾಳದ ಆಚೆಗೇ ಇರಬೇಕು ಅನ್ನಿಸುತ್ತಿತ್ತು.

ಮೊಹರಮ್ಮಿನಲ್ಲಿ ಅಲಾಯಿ ಕುಣಿ ತೋಡುತ್ತಿದ್ದುದು ತಾಲೀಮಿನ ಮುಂದೆಯೇ. ಹೆಜ್ಜೆ ಹಾಕುವವರೂ ರಿವಾಯತ್ ಹಾಡುವವರೂ ಅಲ್ಲಿಂದಲೇ ಹೊರಡುತ್ತಿದ್ದರು. ಶ್ರಾವಣದಲ್ಲಿ ಬಾಗೇವಾಡಿ ಬಸವೇಶ್ವರ ಜಾತ್ರೆಯ ನಿಕಾಲಿ ಕುಸ್ತಿ. ಒಂದು ವರ್ಷ ನಮ್ಮೂರ ಹುಲಿಯನ್ನು ಸಿಂದಗಿಯ ಒಬ್ಬ ಸಣಕಲ ಹುಡುಗ ಕಣ್ಣು ಮಿಟುಕಿಸುವುದರೊಳಗೆ ಚಿತ್ ಮಾಡಿದ. ವಾಪಸು ಬರುವಾಗ ಟ್ರಕ್ಕಿನಲ್ಲಿ ಯಾರಿಗೂ ಮಾತಿಲ್ಲ. ನಿಡಗುಂದಿಯಲ್ಲಿ ಇಳಿಸಿ ಚಹಾ ಕೊಡಿಸಿದ ಚಾಚಾ, 'ಮಣ್ಣು ಬೆನ್ನಿಗೆ ಹತ್ತೇತಿ, ಮುಖಕ್ಕಲ್ಲ. ಬಿಸ್ಕೀಟ್ ತಿನ್ರಿ' ಅಂದರು.

ನೆನಪು ಎಲ್ಲವನ್ನೂ ಚೆಂದ ಮಾಡಿಬಿಡುತ್ತದೆ. ದಲಿತ ಕೇರಿಯ ಹುಡುಗರು ಹೊರಗೆ ಗುಂಡುಕಲ್ಲು ಎತ್ತಬಹುದಿತ್ತು, ಮಟ್ಟಿಗೆ ಇಳಿಯುವಂತಿರಲಿಲ್ಲ. ಅದೇಕೆಂದು ನಾವೂ ಕೇಳಲಿಲ್ಲ, ಚಾಚಾ ಕೂಡ ಹೇಳಲಿಲ್ಲ.

ಲಾಲ್ ಬಹಾದ್ದೂರ್ ಶಾಸ್ತ್ರಿ 1964ರಲ್ಲಿ ಅಡಿಗಲ್ಲು ಇಟ್ಟ ಅಣೆಕಟ್ಟು ನಮ್ಮ ಬಾಲ್ಯದುದ್ದಕ್ಕೂ ಬರೀ ಮಾತಾಗಿತ್ತು. ಮಾತು ನಿಜವಾಗತೊಡಗಿದಾಗ ಅಳತೆಗೆ ಬಂದರು. ಮನೆ, ಬಾವಿ, ಬೇವಿನ ಮರ, ದನದ ಕೊಟ್ಟಿಗೆ ಎಲ್ಲವನ್ನೂ ಬರೆದುಕೊಂಡರು. ತಾಲೀಮಿನ ಮುಂದೆ ನಿಂತು 'ಇದು ಯಾರ್ದು?' ಎಂದು ಕೇಳಿದರು.

'ಅದು ಸಾಬರದರಿ. ಅಲಾಯಿ ದೇವರ ಜಾಗಾ. ಅವರ ಹೆಸರಿಲೆ ಬರಕೋರಿ' ಅಂದರು ಗೌಡರು.

'ಏ, ಇಲ್ರೀ ಸಾಹೇಬ್ರ. ಒಳಗ ಹನುಮಪ್ಪ ಅದಾನ. ಅದು ಅವರದ' ಅಂದರು ನಮ್ಮ ಹಿರಿಯರು.

ಒಬ್ಬರಿಗೊಬ್ಬರು ಬಿಟ್ಟುಕೊಡುವ ದೊಡ್ಡಸ್ತಿಕೆಯಲ್ಲಿ ಇಬ್ಬರೂ ನಗುತ್ತಿದ್ದರು. ಬಂದವರು ಸ್ವಲ್ಪ ಹೊತ್ತು ಕಾದು ಮುಂದಿನ ಮನೆಗೆ ಹೋದರು. ಕಾಗದದ ಮೇಲೆ ತಾಲೀಮು ಯಾರ ಹೆಸರಿಗೂ ಬರಲಿಲ್ಲ.

ಸುಪ್ರೀಂ ಕೋರ್ಟು 2000ದ ಏಪ್ರಿಲ್‌ನಲ್ಲಿ 519.6 ಮೀಟರ್ ಎತ್ತರಕ್ಕೆ ಒಪ್ಪಿಗೆ ಕೊಟ್ಟಿತು. ಆ ಹೊತ್ತಿಗೆ ನಾವು ತೊಲೆ, ಬಾಗಿಲು, ಕಿಟಕಿ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದೆವು. ಅಲಾಯಿ ಪಂಜಾಗಳನ್ನು ನಾವು ಹೊತ್ತು ತಂದೆವು, ಹನುಮಪ್ಪನನ್ನು ಅವರು ತಂದರು. ಹೊಸ ಊರಿನಲ್ಲಿ ಮಸೀದಿಗೆ ಆ ಬದಿ ಜಾಗ, ಗುಡಿಗೆ ಈ ಬದಿ ಜಾಗ, ನಡುವೆ ಅಗಲವಾದ ರಸ್ತೆ. ತಾಲೀಮಿಗೆ ನಿವೇಶನ ಇರಲಿಲ್ಲ. ಚಾಚಾ ಮೂರು ವರ್ಷ ಅಲ್ಲಿ ಬದುಕಿದರು. ನಾಲ್ಕಕ್ಕೇ ಎಚ್ಚರವಾಗುತ್ತಿತ್ತು, ಫಜರ್ ನಮಾಜಿನವರೆಗೆ ಏನು ಮಾಡಬೇಕೆಂದು ತಿಳಿಯದೆ ಅಂಗಳ ಗುಡಿಸುತ್ತಿದ್ದರು.

2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಬರದ ಜಿಲ್ಲೆಗೆ ನೀರು ಬಂತು, ಅದು ಸುಳ್ಳಲ್ಲ. ಎತ್ತರ 524.256 ಮೀಟರ್ ಆಗಬಹುದೆಂದು 2010ರಲ್ಲಿ ನ್ಯಾಯಮಂಡಳಿ ಹೇಳಿದೆ. ಇನ್ನೂ ಕೆಲವು ಊರುಗಳಿಗೆ ಅಳತೆಯವರು ಹೋಗುತ್ತಾರೆ. ಅಲ್ಲಿಯೂ ಯಾರ ಹೆಸರಿನಲ್ಲೂ ಇಲ್ಲದ ಇಂಥ ಜಾಗಗಳು ಇದ್ದೇ ಇರುತ್ತವೆ.

ಈಗ ರಸ್ತೆಯ ಆ ಬದಿಯ ಹುಡುಗರ ಹೆಸರು ಈ ಬದಿಯವರಿಗೆ ಗೊತ್ತಿಲ್ಲ. ಒಬ್ಬರ ಬಗ್ಗೆ ಇನ್ನೊಬ್ಬರಿಗೆ ತಿಳಿಯುವುದೆಲ್ಲ ಮೊಬೈಲಿನಿಂದಲೇ.

ಹೋದ ಬೇಸಿಗೆಯಲ್ಲಿ ತಾಲೀಮಿನ ಬುಡದಲ್ಲಿ ಗುಂಡುಕಲ್ಲು ಕಂಡಿತು. ಅವರು ತರುತ್ತಾರೆಂದು ನಾವು, ನಾವು ತರುತ್ತೇವೆಂದು ಅವರು ಬಿಟ್ಟುಬಂದದ್ದು. ಅರ್ಧ ಹೂತಿತ್ತು. ನಾಲ್ವರೂ ಕೈ ಹಚ್ಚಿ ಕೆಸರು ಕೆದರಿದೆವು. ಕಲ್ಲು ಅಲುಗಾಡಲಿಲ್ಲ. ನಮ್ಮ ಸೊಂಟಗಳು ಅಲುಗಾಡಿದವು.

'ಮುಂದಿನ ವರ್ಷ ಹಾರಿ, ಹಗ್ಗ ತಗೊಂಡು ಟ್ರ್ಯಾಕ್ಟರ್‌ನ್ಯಾಗ ಬರೋಣು' ಅಂದ ಗೌಡರ ಮಗ.

'ಒಯ್ದು ಎಲ್ಲಿ ಇಡೋದು?' ಅಂದೆವು.

ಅವನು ಕೈಯ ಕೆಸರನ್ನು ನೀರಿನಲ್ಲಿ ತೊಳೆಯುತ್ತ ಬಹಳ ಹೊತ್ತು ಅಲ್ಲೇ ಕೂತ.