ಈಗ ನೀನೇನ್ ಮಾಡ್ತೀಯಾ?

1/7
ಫೋಟೋದಲ್ಲಿರೋದು ನಮ್ಮ ಮನೆ ಟೆರೇಸು. ಸ್ಟೀಲ್ ತಟ್ಟೆ, ಅದರಲ್ಲಿ ಎರಡು ಲೂಡೋ ದಾಳ, ಪಕ್ಕದಲ್ಲಿ ಬೇಯಿಸಿದ ಕಡ್ಲೇಕಾಯಿ. ಹಿಂದೆ ಮಸುಕಾಗಿ ಕಾಣ್ತಿರೋದು ಮಧುಗಿರಿ ಬೆಟ್ಟ.

"ಭಾನುವಾರ ಅದೇನೋ ಡ್ರ್ಯಾಗನ್ ಆಟ ಆಡ್ತೀರಂತಲ್ಲ, ಏನದು?" ಅಂತ ಕ್ಲಾಸ್‌ನಲ್ಲಿ ಎಲ್ಲರೂ ಕೇಳ್ತಿದ್ದೀರಿ. ಹೇಳ್ತೀನಿ. ಆದ್ರೆ ಅದು ಹೇಗೆ ಕೆಟ್ಟುಹೋಯ್ತು ಅನ್ನೋದನ್ನ ಮೊದಲು ಹೇಳ್ಬೇಕು.

ನಾವು ನಾಲ್ಕು ಜನ. ಹಾಸ್ಟೆಲ್‌ನಲ್ಲಿ ಹೆಸರಿಗಿಂತ ಊರಿನ ಹೆಸರೇ ಓಡೋದು, ನಿಮಗೇ ಗೊತ್ತು. ಸಿರಾ, ಪಾವಗಡ ಇಬ್ಬರೂ ಹಾಸ್ಟೆಲ್ ಹುಡುಗರು. ಕೊರಟಗೆರೆ ದಿನಾ ಬಸ್ಸಲ್ಲಿ ಬರೋಳು. ನಾನು ಇಲ್ಲಿಯವನೇ ಆದ್ರಿಂದ ನನ್ನನ್ನ 'ಬೆಟ್ಟ' ಅಂತಾರೆ.

ಮೂರನೇ ಭಾನುವಾರ ಆಟದ ಮಧ್ಯೆ ಪಾವಗಡ ದಾಳಾನ ತಟ್ಟೆಗೆ ಹಾಕಿ ಎದ್ದುನಿಂತ. "ಎಲ್ಲಾ ನೀನೇ ಬರ್ಕೊಂಡ್ ಬಂದಿದೀಯಲ್ಲೋ, ಇಲ್ಲಿ ನಾನ್ಯಾಕ್ ಬೇಕು?" ಅಂದ. ಚಪ್ಪಲಿ ಹಾಕ್ಕೊಂಡು ಮೆಟ್ಟಿಲು ಇಳಿದು ಹೋದ. ಆಮೇಲೆ ಎರಡು ತಿಂಗಳು ಬರ್ಲಿಲ್ಲ. ಕ್ಲಾಸಲ್ಲೂ ಬೇರೆ ಬೆಂಚಿಗೆ ಹೋಗಿ ಕೂತ.

2/7
ಆಟ ಏನು ಅಂತ ಚಿಕ್ಕದಾಗಿ. ಸ್ಟ್ರೇಂಜರ್ ಥಿಂಗ್ಸ್ ನೋಡಿದ್ರೆ, ಅದರಲ್ಲಿ ಹುಡುಗರು ನೆಲಮಾಳಿಗೆಯಲ್ಲಿ ಕೂತು ಆಡೋದು ಇದೇ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಇದನ್ನ ಹೊರತಂದರು. ಒಬ್ಬರು ಕಥೆ ನಡೆಸ್ತಾರೆ, ಅವರನ್ನ ಡಿಎಂ ಅಂತಾರೆ. ಉಳಿದವರು ಒಂದೊಂದು ಪಾತ್ರ. ಡಿಎಂ ಒಂದು ಸನ್ನಿವೇಶ ಹೇಳಿ, "ಈಗ ನೀನೇನ್ ಮಾಡ್ತೀಯಾ?" ಅಂತ ಕೇಳ್ತಾನೆ. ಆಟಗಾರ ಹೇಳ್ತಾನೆ. ಆಗುತ್ತೋ ಇಲ್ವೋ ಅನ್ನೋ ಅನುಮಾನ ಬಂದಾಗ ದಾಳ ತೀರ್ಮಾನ ಮಾಡುತ್ತೆ. ಗೆಲ್ಲೋದು, ಸೋಲೋದು ಇಲ್ಲ. ಸಿಗೋದು ಎಲ್ಲರೂ ಸೇರಿ ಕಟ್ಟಿದ ಒಂದು ಕಥೆ.

ದುಡ್ಡೂ ಬೇಕಿಲ್ಲ. ಐದನೇ ಆವೃತ್ತಿಯ ಮೂಲ ನಿಯಮಗಳನ್ನ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಟ್ಟು ಬಿಟ್ಟಿದ್ದಾರೆ. ಯಾರು ಬೇಕಾದ್ರೂ ಇಳಿಸ್ಕೊಳ್ಳಬಹುದು.

ನಾನೇನು ಮಾಡ್ದೆ ಅಂದ್ರೆ, ಇಂಗ್ಲಿಷ್ ವೀಡಿಯೋ ನೋಡಿ ನೋಡಿ 40 ಪುಟ ಬರೆದೆ. ಹಿಮ ಬೀಳೋ ಊರು, ಮರದ ಹೆಂಡದಂಗಡಿ, ಉದ್ದ ಕಿವಿಯ ಎಲ್ಫ್‌ಗಳು. ನಮ್ಮ ನಾಲ್ವರಲ್ಲಿ ಹಿಮ ನೋಡಿದವರು ಯಾರೂ ಇಲ್ಲ. ಮಾತೆಲ್ಲ ಇಂಗ್ಲಿಷಲ್ಲೇ ಆಗ್ಬೇಕು ಅಂತ ಒಂದು ನಿಯಮ ಬೇರೆ. ಪಾವಗಡದವನ ಮನೇಲಿ ತೆಲುಗು, ಓದಿದ್ದು ಕನ್ನಡ ಮೀಡಿಯಂ. ಮೊದಲ ಎರಡು ವಾರ ಅವನ ಬಾಯಿಂದ ಬಂದಿದ್ದು 'ಎಸ್', 'ನೋ', 'ಅಟ್ಯಾಕ್' ಅಷ್ಟೇ.

ಮೂರನೇ ವಾರ ಒಂದು ಸೇತುವೆ, ಅದಕ್ಕೊಬ್ಬ ಕಾವಲುಗಾರ. ಪಾವಗಡ ಸ್ವಲ್ಪ ಹೊತ್ತು ಯೋಚನೆ ಮಾಡಿ, ಕನ್ನಡದಲ್ಲೇ, "ಅವನತ್ರ ಮಾತಾಡ್ತೀನಿ. ಪಾಪ, ಅವನಿಗೂ ಎಷ್ಟು ತಿಂಗಳಿಂದ ಸಂಬಳ ಬಂದಿಲ್ವೋ" ಅಂದ. ಕೊರಟಗೆರೆ ನಗು ತಡೀಲಾರದೆ ಕಡ್ಲೇಕಾಯಿ ಚೆಲ್ಲಿದ್ಲು. ಆದ್ರೆ ನನ್ನ ಪುಸ್ತಕದಲ್ಲಿ ಅಲ್ಲಿ ಜಗಳ ಅಂತ ಬರೆದಿತ್ತು. "ಇಲ್ಲ, ಅವನು ಮಾತಾಡಲ್ಲ, ಕತ್ತಿ ಎತ್ತುತ್ತಾನೆ. ಮತ್ತೆ, ಇಂಗ್ಲಿಷಲ್ಲಿ ಹೇಳು" ಅಂದುಬಿಟ್ಟೆ.

ಅವನು ಎದ್ದು ಹೋಗಿದ್ದು ಆಗಲೇ.

3/7
ರೀಲ್ಸ್‌ಗೆ ಆಗುತ್ತೆ ಅಂತ ಸಿರಾ ಅವತ್ತಿನ ಆಟಾನ ಫೋನಲ್ಲಿ ರೆಕಾರ್ಡ್ ಮಾಡಿದ್ದ. ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಕೇಳಿದೆ. ಮೊದಲ ಇಪ್ಪತ್ತು ನಿಮಿಷ ಬರೀ ನನ್ನ ದನಿ. ಮಧ್ಯೆ ಮಧ್ಯೆ ಯಾರೋ "ಹೂಂ" ಅಂತಿದ್ರು.

ಆ "ಹೂಂ" ಕೇಳಿ ಅಜ್ಜಿ ನೆನಪಾದ್ರು. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಲೇಬೇಕಿತ್ತು. ನಿಲ್ಲಿಸಿದ್ರೆ ಕಥೆ ಬಂದ್. ಅಜ್ಜಿ ಕಥೆಗೆ ಅಷ್ಟು ಸಾಕಿತ್ತು, ಯಾಕಂದ್ರೆ ಆ ಕಥೇಲಿ ರಾಜಕುಮಾರ ನಾವಲ್ಲ. ಈ ಆಟದಲ್ಲಿ ರಾಜಕುಮಾರ ಪಾವಗಡದವನೇ. ಅವನನ್ನ ನಾನು ಹೂಂಗುಟ್ಟೋಕೆ ಕೂರಿಸಿದ್ದೆ.

ಈ ಮಾತು ಹೇಳ್ದಾಗ ಸಿರಾ ಇನ್ನೊಂದು ವಿಷಯ ಹೇಳ್ದ. ಅವರ ಕಡೆ ಕಾಡುಗೊಲ್ಲರಲ್ಲಿ ಜುಂಜಪ್ಪನ ಕಥೆ ಹಾಡೋ ಪದ್ಧತಿ ಇದೆ, ಗಣೆ ಅನ್ನೋ ಉದ್ದದ ಬಿದಿರಿನ ಕೊಳಲು ಊದಿ ಹಾಡ್ತಾರೆ. ಇವನು ಚಿಕ್ಕವನಿದ್ದಾಗ ಕೂತು ಕೇಳಿದ್ದನಂತೆ. "ಕಥೆ ಎಲ್ಲರಿಗೂ ಗೊತ್ತಿರೋದೇ ಕಣೋ. ಆದ್ರೂ ಅವರು ಹಾಡ್ತಾ ಹಾಡ್ತಾ ನಮ್ಮ ಮುಖ ನೋಡ್ತಿರ್ತಾರೆ. ಜನ ಮುಂದಕ್ಕೆ ಬಗ್ಗಿದ ಕಡೆ ಇನ್ನೂ ಎಳೀತಾರೆ. ನೀನು ಮುಖ ನೋಡೋದೇ ಇಲ್ಲ, ಪುಸ್ತಕ ನೋಡ್ತೀಯಾ" ಅಂದ.

ಹಾಗಂತ ತಯಾರಿ ಬೇಡ ಅಂತಲ್ಲ. ಮುಂದೇನು ನಡೆಯುತ್ತೆ ಅಂತ ಬರೆಯೋದು ಬಿಟ್ಟೆ. ಅಲ್ಲಿ ಯಾರಿದ್ದಾರೆ, ಅವರಿಗೇನು ಬೇಕು, ಯಾರೂ ತಡೀದಿದ್ರೆ ನಾಳೆ ಏನಾಗುತ್ತೆ, ಈ ಮೂರನ್ನ ಮಾತ್ರ ಬರೆಯೋಕೆ ಶುರು ಮಾಡ್ದೆ. ಈಗ ಒಂದು ಭಾನುವಾರಕ್ಕೆ ಒಂದೇ ಪುಟ.

4/7
ಮೂರೇ ಜನ ಉಳಿದಿದ್ವಿ. ಹಿಮದ ಊರು ಬಿಟ್ಟು, ಆಟಾನ ಕನ್ನಡಕ್ಕೂ ನಮ್ಮ ತಾಲ್ಲೂಕುಗಳಿಗೂ ತಂದ್ವಿ. ಜೇನಿನ ಬೆಟ್ಟ ಅಂದ್ರೆ ಮಧುಗಿರಿ ತಾನೇ? ಅದಕ್ಕೆ ನಮ್ಮ ಬೆಟ್ಟಕ್ಕೆ ಜೇನುರಾಣಿಯೇ ಕಾವಲು.

ಇಲ್ಲಿ ಒಂದು ಲಾಭ ತಕ್ಷಣ ಗೊತ್ತಾಯ್ತು. ಜಾಗ ವರ್ಣಿಸೋ ಕೆಲಸ ಅರ್ಧ ಮುಗಿದಿರುತ್ತೆ. "ಕಂಬಿ ಹಿಡ್ಕೊಂಡು ಹತ್ತೋ ಕಡೆ ಇದೀರ, ಕಂಬಿ ಇಲ್ಲ, ಗಾಳಿ ಬೀಸ್ತಿದೆ" ಅಂದ್ರೆ ಸಾಕು, ಬೆಟ್ಟ ಹತ್ತಿದವರಿಗೆ ಕಾಲು ನಡುಗುತ್ತೆ. "ಭಯಾನಕವಾದ ಕತ್ತಲು" ಅಂತೆಲ್ಲ ಹೇಳೋದು ಬಿಟ್ಟು ಒಂದು ವಾಸನೆ, ಒಂದು ಸದ್ದು ಹೇಳ್ತೀನಿ. ಬಾವಲಿ ವಾಸನೆ. ಎಲ್ಲೋ ಒಳಗೆ ತೊಟ್ಟಿಕ್ಕೋ ನೀರು. ಉಳಿದಿದ್ದನ್ನ ಅವರೇ ತುಂಬ್ಕೋತಾರೆ.

ಇನ್ನೊಂದು ಲಾಭ, ಅವರಿಗೆ ಗೊತ್ತಿರೋದು ನನಗೆ ಗೊತ್ತಿಲ್ಲ. ಅದಕ್ಕೆ ಅವರನ್ನೇ ಕೇಳ್ತೀನಿ. ಗಾಯಕ್ಕೆ ಔಷಧಿ ಬೇಕಾದಾಗ "ಸಿದ್ಧರಬೆಟ್ಟದಲ್ಲಿ ಯಾವ ಸೊಪ್ಪು ಸಿಗುತ್ತೆ?" ಅಂತ ಕೊರಟಗೆರೆನ ಕೇಳ್ದೆ. ಅವಳು ಹೇಳಿದ್ದೇ ಆಟದಲ್ಲಿ ಸತ್ಯ. ಸಿರಾ ತನ್ನ ತಾಲ್ಲೂಕಿನ ಕಗ್ಗಲಡು ತಂದ. ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ತಾವೆ, ಜನ ಅವನ್ನ ಕಾಪಾಡ್ತಾರೆ. ನಮ್ಮ ಆಟದಲ್ಲಿ ಆ ಕೊಕ್ಕರೆಗಳೇ ಅಂಚೆ. 1687ರಲ್ಲಿ ಮೊಘಲರು ಸಿರಾನ ಒಂದು ಪ್ರಾಂತ್ಯದ ರಾಜಧಾನಿ ಮಾಡಿದ್ರು ಅಂತ ಪಾಠದಲ್ಲಿ ಓದಿ ಮರೆತಿದ್ದೆ. ಆಟಕ್ಕೊಬ್ಬ ಸುಬೇದಾರ ಬೇಕಾದಾಗ ನೆನಪಾಯ್ತು. ತಪ್ಪಿಸ್ಕೊಂಡು ಓಡೋಕೆ ಮೈದನಹಳ್ಳಿ ಹುಲ್ಲುಗಾವಲು, ಜೊತೆಗೆ ಓಡೋಕೆ ಕೃಷ್ಣಮೃಗಗಳು. ರಾಕ್ಷಸರು ಕಡ್ಲೇಕಾಯಿ. ಯಾರು ಹೊಡೀತಾರೋ ಅವರೇ ತಿನ್ಬೇಕು.

5/7
ಈಗ ಸ್ವಲ್ಪ ಲೆಕ್ಕ. ಇದನ್ನ ಸೇವ್ ಮಾಡ್ಕೊಳ್ಳಿ.

ಹಳೇ ಆಟದಲ್ಲಿ 20 ಮುಖದ ದಾಳ. ಕೋಟೆಯೊಳಗೆ ಸದ್ದಿಲ್ಲದೆ ನುಗ್ಬೇಕು ಅಂದ್ರೆ ಬಾಗಿಲಲ್ಲಿ ಒಂದು ಸಲ, ಅಂಗಳದಲ್ಲಿ ಒಂದು ಸಲ, ಮೆಟ್ಟಿಲಲ್ಲಿ ಒಂದು ಸಲ ದಾಳ ಹಾಕಿಸ್ತಿದ್ದೆ. ಪ್ರತಿ ಸಲ 11 ಅಥವಾ ಹೆಚ್ಚು ಬರ್ಬೇಕು, ಅಂದ್ರೆ ಅರ್ಧಕ್ಕರ್ಧ ಅವಕಾಶ. ನ್ಯಾಯವಾಗೇ ಇದೆ ಅನ್ಸುತ್ತಲ್ವಾ? ಮೂರೂ ಸಲ ಗೆಲ್ಲೋ ಅವಕಾಶ ಎಂಟರಲ್ಲಿ ಒಂದು, 12.5%. ಸದ್ದಿಲ್ಲದೆ ಹೋಗೋದು ದಡ್ಡತನ ಅಂತ ನಾನೇ ಅವರಿಗೆ ಕಲಿಸಿದ್ದೆ. ಆಮೇಲೆ "ಬರೀ ಅಟ್ಯಾಕ್ ಅಂತಾರೆ" ಅಂತ ನಾನೇ ಬೈತಿದ್ದೆ. ಈಗ ಒಂದು ಕೆಲಸಕ್ಕೆ ಒಂದೇ ಸಲ ದಾಳ.

ಎರಡನೇದು, ದಾಳ ಬೀಳದಿದ್ರೆ "ಆಗ್ಲಿಲ್ಲ" ಅಂತ ಹೇಳಿ ಸುಮ್ಮನಾಗ್ತಿದ್ದೆ. ಬಾಗಿಲು ತೆಗೀಲಿಲ್ಲ. ಕಥೆ ಅಲ್ಲೇ ನಿಂತಿತು. 2010ರಲ್ಲಿ ಬಂದ ಅಪೊಕ್ಯಾಲಿಪ್ಸ್ ವರ್ಲ್ಡ್ ಅನ್ನೋ ಆಟದಲ್ಲಿ ಇದಕ್ಕೊಂದು ದಾರಿ ಇದೆ. ಎರಡು ಮಾಮೂಲಿ ದಾಳ ಹಾಕಿ ಕೂಡೋದು. 10 ಅಥವಾ ಹೆಚ್ಚು ಬಂದ್ರೆ ಕೆಲಸ ಆಯ್ತು. 7ರಿಂದ 9 ಬಂದ್ರೆ ಆಯ್ತು, ಆದ್ರೆ ಏನೋ ಒಂದು ಬೆಲೆ ತೆರ್ಬೇಕು. 6 ಅಥವಾ ಕಡಿಮೆ ಬಂದ್ರೆ ಎಡವಟ್ಟು. ಎರಡು ದಾಳಕ್ಕೆ ಒಟ್ಟು 36 ರೀತಿ. ಅದರಲ್ಲಿ ಪೂರ್ತಿ ಗೆಲುವು 6, ಬೆಲೆ ತೆತ್ತ ಗೆಲುವು 15, ಎಡವಟ್ಟು 15. ಪಾತ್ರಕ್ಕೆ ಬರೋ ಕೆಲಸವಾದ್ರೆ ಒಂದೋ ಎರಡೋ ಸೇರಿಸ್ಕೋಬಹುದು. ಬಾಗಿಲು ತೆಗೀತು, ಆದ್ರೆ ಕೀಲಿ ಒಳಗೇ ಮುರೀತು, ಇನ್ನು ಮುಚ್ಚೋಕಾಗಲ್ಲ. ಎಡವಟ್ಟಾದ್ರೂ ಏನೋ ಒಂದು ನಡೀಲೇಬೇಕು. ಬಾಗಿಲು ಆ ಕಡೆಯಿಂದ ಯಾರೋ ತೆಗೀತಾರೆ. ಅದಕ್ಕೇ ಫೋಟೋದಲ್ಲಿರೋದು ಲೂಡೋ ದಾಳ.

ಮೂರನೇದು, ಗುಟ್ಟು ಬಯಲಾಗೋ ಕಥೆ ಆಡಿಸೋರಿಗೆ. ಒಂದೇ ಸುಳಿವು ಇಟ್ರೆ ಅದು ಅವರ ಕಣ್ಣಿಗೆ ಬೀಳಲ್ಲ. ಅವರು ತಿಳ್ಕೊಳ್ಳಲೇಬೇಕಾದ ಪ್ರತಿ ವಿಷಯಕ್ಕೂ ಮೂರು ಸುಳಿವು ಇಡಿ ಅಂತ ಜಸ್ಟಿನ್ ಅಲೆಕ್ಸಾಂಡರ್ ಅನ್ನೋರು ಬರೆದಿದ್ದಾರೆ. ನಮ್ಮಲ್ಲಿ ಒಂದನ್ನ ಮರೀತಾರೆ, ಒಂದನ್ನ ತಪ್ಪು ತಿಳ್ಕೋತಾರೆ, ಮೂರನೇದು ಕೈ ಹಿಡಿಯುತ್ತೆ.

6/7
ಆಟ ಸರಿಹೋಗಿತ್ತು. ಆದ್ರೆ ತಟ್ಟೆ ಸುತ್ತ ಒಂದು ಜಾಗ ಖಾಲಿ.

ಒಂದು ಸಂಜೆ ಹಾಸ್ಟೆಲ್‌ಗೆ ಹೋದೆ. ಅವನು ಬಟ್ಟೆ ಒಗೀತಿದ್ದ. ಏನೇನೋ ಹೇಳ್ಬೇಕು ಅಂದ್ಕೊಂಡು ಹೋಗಿದ್ದೆ, ಬಾಯಿಗೆ ಬಂದಿದ್ದು ಇಷ್ಟೇ: "ಮಗಾ, ಅವತ್ತು ತಪ್ಪು ನಂದೇ. ಆ ಕಾವಲುಗಾರ ಇನ್ನೂ ಸೇತುವೆ ಮೇಲೇ ನಿಂತವ್ನೆ. ಅವನಿಗೆ ಸಂಬಳ ಬಂದಿಲ್ಲ. ಬಂದು ಮಾತಾಡ್ತೀಯಾ?" ಅವನು ಬಕೆಟ್ ನೋಡ್ತಾ ಕೂತಿದ್ದ. "ಎಷ್ಟು ತಿಂಗಳಿಂದ?" ಅಂದ. "ಅದನ್ನ ನೀನೇ ಹೇಳ್ಬೇಕು" ಅಂದೆ. ಭಾನುವಾರ ಊರಿಂದ ಒಂದು ಚೀಲ ಕಡ್ಲೇಕಾಯಿ ತಗೊಂಡು ಬಂದ.

ಕಾವಲುಗಾರ ಈಗ ನಮ್ಮ ಗುಂಪಲ್ಲೇ ಇದ್ದಾನೆ. ಅಡುಗೆ ಅವನದೇ.

ಆಮೇಲೆ ಕಥೆ ಪಾವಗಡದ ಕಡೆ ಹೊರಟಿತು. ಅಲ್ಲಿನ ಸೋಲಾರ್ ಪಾರ್ಕ್ ಎಲ್ಲರಿಗೂ ಗೊತ್ತು, 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಆ ಭೂಮಿ ಮಾರಿದ್ದಲ್ಲ, ರೈತರು ಗುತ್ತಿಗೆಗೆ ಕೊಟ್ಟಿರೋದು. ಇದರಿಂದ ನನಗೊಂದು ಕಥೆ ಹೊಳೀತು. ಮಳೆ ಇಲ್ಲದ ಊರಿಗೆ ಬಿಸಿಲು ಹಿಡಿಯೋ ಮಾಂತ್ರಿಕನೊಬ್ಬ ಬರ್ತಾನೆ, "ನಿಮ್ಮ ಹೊಲ ಕೊಡಿ, ವರ್ಷ ವರ್ಷ ಚಿನ್ನ ಕೊಡ್ತೀನಿ" ಅಂತಾನೆ. ಆದ್ರೆ ಈ ಸಲ ಮೊದಲೇ ಅವನನ್ನ ಕೇಳ್ದೆ. "ಇದು ನಿಮ್ಮೂರಿನ ವಿಷಯ. ಆಡೋದಾ, ಬೇಡ್ವಾ? ಬೇಡ ಅಂದ್ರೆ ಬೇರೆ ಕಥೆ ಇದೆ." ಒಂದು ದಿನ ಬಿಟ್ಟು ಹೇಳ್ದ, "ಆಡೋಣ. ಆದ್ರೆ ನಾನು ಹೊಲ ಇರೋ ಗೌಡ ಆಗಲ್ಲ. ಹೊಲ ಇಲ್ದೇ ಇರೋ ಕುರಿ ಕಾಯೋನಾಗ್ತೀನಿ."

ಆಟದಲ್ಲಿ ಸಿರಾ ಊರಗೌಡ, ಕೊರಟಗೆರೆ ವೈದ್ಯೆ. ಇಬ್ಬರೂ ಮಾಂತ್ರಿಕನ ಹತ್ರ ಚೆನ್ನಾಗಿ ಚೌಕಾಸಿ ಮಾಡಿದ್ರು. ಇಷ್ಟೇ ವರ್ಷ, ಎರಡು ವರ್ಷಕ್ಕೊಮ್ಮೆ ಚಿನ್ನ ಜಾಸ್ತಿ ಆಗ್ಬೇಕು ಅಂತೆಲ್ಲ. ಎಲ್ಲ ಮುಗೀತು ಅಂದ್ಕೊಂಡಾಗ ಪಾವಗಡ ಬಾಯಿಬಿಟ್ಟ. "ಹೊಲ ಇದ್ದೋರಿಗೆ ಚಿನ್ನ ಬಂತು. ಒಳ್ಳೇದೇ ಆಯ್ತು. ಸುತ್ತ ಬೇಲಿ ಹಾಕ್ತೀರಲ್ಲ, ನನ್ನ ಕುರಿ ಎಲ್ಲಿ ಮೇಯ್ಬೇಕು ಸ್ವಾಮಿ?"

ನನ್ನ ಒಂದು ಪುಟದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಮಾಂತ್ರಿಕ ಕೆಟ್ಟವನಲ್ಲ, ಊರಗೌಡನೂ ಕೆಟ್ಟವನಲ್ಲ. ಹೊಡೆಯೋಕೆ ಯಾರೂ ಇಲ್ಲ. ಅವತ್ತು ಎರಡು ಗಂಟೆ ಯಾರೂ ದಾಳ ಮುಟ್ಟಲಿಲ್ಲ. ಕೊನೆಗೆ ಕೊರಟಗೆರೆ, "ಅಯ್ಯೋ ನನ್ನ ಬಸ್ಸು" ಅಂತ ಎದ್ದು ಓಡಿದ್ಲು. ಬಸ್ಸಲ್ಲಿ ಕೂತು ಗ್ರೂಪಿಗೆ ಮೆಸೇಜ್ ಹಾಕಿದ್ಲು: "ಬೇಲಿ ಒಳಗಿನ ಹುಲ್ಲು ಯಾರದ್ದು? ಅದನ್ನ ಒಪ್ಪಂದದಲ್ಲಿ ಬರೆದೇ ಇಲ್ಲ ನಾವು."

7/7
ಇದನ್ನ ಬರೆಯೋಕೆ ಕಾರಣ ಇದೆ. ಇನ್ನು ಕೆಲವೇ ವಾರಕ್ಕೆ ಕೊನೇ ಸೆಮಿಸ್ಟರ್ ಪರೀಕ್ಷೆ. ಆಮೇಲೆ ಒಬ್ಬ ಬೆಂಗಳೂರು, ಒಬ್ಬಳು ಬಿ.ಎಡ್., ಒಬ್ಬ ಊರು. ನಾಲ್ಕೂ ಜನ ಒಂದೇ ತಟ್ಟೆ ಸುತ್ತ ಕೂರೋದು ಇನ್ನೆಷ್ಟು ಭಾನುವಾರ ಅಂತ ಬೆರಳಲ್ಲೇ ಎಣಿಸಬಹುದು. ಅದರಲ್ಲಿ ಎರಡು ತಿಂಗಳು ನನ್ನ 40 ಪುಟಕ್ಕೆ ಹೋಯ್ತು.

ನೀವು ಶುರು ಮಾಡೋದಾದ್ರೆ, ನಮ್ಮಿಂದ ಇಷ್ಟು ತಗೊಳ್ಳಿ. ನಿಮಗೆ ಬರೋ ಭಾಷೇಲಿ ಆಡಿ. ನಿಮಗೆ ಗೊತ್ತಿರೋ ಜಾಗದಲ್ಲಿ ಆಡಿ. ಅರ್ಧ ಗಂಟೆಗೊಮ್ಮೆ ಯಾರು ಮಾತಾಡಿಲ್ಲ ನೋಡಿ, ಅವರ ಹೆಸರು ಹಿಡಿದು ಕೇಳಿ. ಬಂದ ಉತ್ತರ ನಿಮ್ಮ ಪ್ಲಾನ್ ಹಾಳು ಮಾಡಿದ್ರೂ, ಪ್ಲಾನ್ ಬಿಡಿ. ಯಾರದ್ದಾದ್ರೂ ಮನೆ, ಊರಿನ ವಿಷಯ ಮುಟ್ಟೋ ಮುಂಚೆ ಅವರನ್ನ ಕೇಳಿ. ಕೇಳಿದ ಮೇಲೆ ಉತ್ತರ ಬರೋ ತನಕ ಸುಮ್ಮನಿರಿ. ನನಗೆ ಇವತ್ತಿಗೂ ಕಷ್ಟ ಅನ್ನಿಸೋದು ಈ ಕೊನೇದು.

ಕುರಿ ಎಲ್ಲಿ ಮೇಯ್ಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಈ ಭಾನುವಾರ ಮತ್ತೆ ಕೂರ್ತೀವಿ. ಪಾವಗಡ ಈಗ ನನ್ನ ಬೆಂಚಲ್ಲೇ ಕೂರ್ತಾನೆ, ಕ್ಲಾಸ್ ಮಧ್ಯೆ ಚೀಟಿ ಬರೆದು ತಳ್ಳುತ್ತಾನೆ. ನೆನ್ನೆ ಬಂದಿದ್ದು: "ಕಾವಲುಗಾರನಿಗೆ ಹೆಂಡ್ತಿ ಮಕ್ಕಳು ಇದ್ದಾರಾ?"

"ನೀನೇ ಹೇಳು" ಅಂತ ಬರೆದು ವಾಪಸ್ ತಳ್ಳಿದೆ.

ನಿಮ್ಮೂರಲ್ಲಿ ಇಂಥಾ ಆಟ ಶುರುವಾಗೋಕೆ ತಕ್ಕ ಜಾಗ ಯಾವುದು? ಕಮೆಂಟಲ್ಲಿ ಹೇಳಿ. ಚೆನ್ನಾಗಿದ್ರೆ ಕೊಕ್ಕರೆ ಕಳಿಸ್ತೀವಿ.

#ಜೇನಿನಬೆಟ್ಟ #ಮಧುಗಿರಿ #ಸಿರಾ #ಕೊರಟಗೆರೆ #ಪಾವಗಡ #ಭಾನುವಾರದಆಟ #ಕನ್ನಡದಲ್ಲೇಆಡೋಣ